ಡಬ್ಬದ ಮೇಲೆ 1200, ಮನೆಯಲ್ಲಿ 94

ಮುಂಬೈಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿಗೆ ವೈಫೈ ರೌಟರ್ ತರಲು ಹೊರಟವರು ಒಂದು ನಿಮಿಷ ನಿಂತು ಇದನ್ನು ಓದಿ. 2,400 ರೂಪಾಯಿ ಕೊಟ್ಟು ಪೆದ್ದಾಗಿ ಬಂದಿದ್ದೇನೆ. ಹೇಳಿಕೊಳ್ಳಲು ನಾಚಿಕೆ. ಆದರೂ ಹೇಳುತ್ತೇನೆ.

ಡೊಂಬಿವಲಿಯ ನಮ್ಮ ಮನೆಯಲ್ಲಿ ಹೋದ ತಿಂಗಳು ಫೈಬರ್ ಪ್ಲಾನನ್ನು 300 ಎಂಬಿಪಿಎಸ್ ಸ್ಪೀಡಿಗೆ ಏರಿಸಿದೆವು. ಮಗಳಿಗೆ ಮನೆಯಿಂದಲೇ ಕೆಲಸ. ಹಳೆಯ ರೌಟರ್ ಬರೀ 2.4 ಗಿಗಾಹರ್ಟ್ಸ್ ತರಂಗದ್ದು, ಬಿಲ್ಡಿಂಗಿನ ಎಲ್ಲರ ವೈಫೈ ಅದರಲ್ಲೇ ಗುದ್ದಾಡುತ್ತದೆ. "ಆನ್‌ಲೈನಲ್ಲಿ ತರಿಸೋಣ" ಎಂದಳು ಮಗಳು. ದೊಡ್ಡ ಬುದ್ಧಿವಂತನ ಹಾಗೆ "ಬೇಡ, ಅಂಗಡಿಯಲ್ಲಿ ನಾಲ್ಕು ಮಾತು ಕೇಳಿ ತರುತ್ತೇನೆ" ಎಂದೆ. ದಾದರ್‌ನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿನಲ್ಲಿ ಇಳಿದೆ.

ಅಂಗಡಿಯಲ್ಲಿ ನಿಂತು ಮಗಳ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಗಲ್ಲೆಯಲ್ಲಿ ಕೂತಿದ್ದವನು ತಲೆ ಎತ್ತಿ, "ನಿಮ್ದು ಊರೆಲ್ಲಾಯ್ತು ಮಾರಾಯ್ರೆ?" ಎಂದ. ಅಲ್ಲಿಗೆ ಮುಗಿಯಿತು. ಅವನದು ಕುಂದಾಪುರದ ಕಡೆಯಂತೆ, ನನ್ನದು ಸಾಗರ. ಕಟಿಂಗ್ ಚಹಾ ಬಂತು. ಚಹಾ ಕುಡಿದ ಮೇಲೆ ಚೌಕಾಸಿ ಮಾಡಲು ಬಾಯಿ ಬರುತ್ತದಾ?

"300ರ ಪ್ಲಾನ್ ಇದೆ, ಪೂರ್ತಿ ಸ್ಪೀಡ್ ಸಿಗಬೇಕು" ಎಂದೆ. ಇದನ್ನು ಸ್ಪಷ್ಟವಾಗಿ ಹೇಳಿದ್ದೆ. ಎರಡು ಸಲ ಹೇಳಿದ್ದೆ. ಅವನು ನಾಲ್ಕು ಕೊಂಬಿನ, ಅಂದರೆ ನಾಲ್ಕು ಆಂಟೆನಾದ, ರೌಟರಿನ ಒಂದು ಡಬ್ಬ ತೆಗೆದು, ಮೇಲಿನ ಎಸಿ1200 ಎಂಬ ದಪ್ಪ ಅಕ್ಷರದ ಮೇಲೆ ಬೆರಳಿಟ್ಟ. "1200 ಇದೆ. ನಿಮ್ಮ 300 ಇದಕ್ಕೆ ಯಾವ ಲೆಕ್ಕ?" ಬಿಲ್ ಕೇಳಿದೆ. "ಪಕ್ಕಾ ಬಿಲ್ ಆದ್ರೆ 18 ಪರ್ಸೆಂಟ್ ಜಾಸ್ತಿ ಆಗ್ತದೆ. ನಮ್ಮವರೇ ಅಲ್ವಾ, ಸುಮ್ನೆ ಯಾಕೆ?" ಒಂದು ಚೀಟಿ ಬರೆದುಕೊಟ್ಟ. ನಾನು ಜೇಬಿಗೆ ಹಾಕಿಕೊಂಡೆ.

ಮನೆಯಲ್ಲಿ ಹಚ್ಚಿದರೆ 94. ರೌಟರ್ ಪಕ್ಕದಲ್ಲೇ ಕೂತರೂ 94. ಬೆಳಿಗ್ಗೆ 94, ರಾತ್ರಿ 94. ಇಂಟರ್ನೆಟ್‌ನವರಿಗೆ ಮೂರು ದಿನ ಫೋನ್ ಮಾಡಿ ಬೈದೆ. ಕೊನೆಗೆ ಒಬ್ಬ ಮರಾಠಿ ಹುಡುಗ ಬಂದ. ಮಾತಾಡದೆ ಫೈಬರ್ ಡಬ್ಬದಿಂದ ನೇರ ತನ್ನ ಲ್ಯಾಪ್‌ಟಾಪಿಗೆ ವೈರ್ ಹಾಕಿದ. 300 ಬಂತು. ರೌಟರ್ ಮೂಲಕ ಹಾಕಿದ. 94. ಆಮೇಲೆ ರೌಟರಿನ ಖಾಲಿ ಡಬ್ಬ ಕೇಳಿ, ತಿರುಗಿಸಿ, ತಳದ ಸಣ್ಣ ಅಕ್ಷರವನ್ನು ಫೋನಿನ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನನ್ನ ಮುಖದ ಮುಂದೆ ಹಿಡಿದ. 10/100 ಎಂಬಿಪಿಎಸ್ ವ್ಯಾನ್ ಪೋರ್ಟ್. ಅಂದರೆ ಹೊರಗಿನ ಇಂಟರ್ನೆಟ್ ವೈರ್ ಸೇರುವ ತೂತು. "ಕಾಕಾ, ಬಾಗಿಲೇ ನೂರರದ್ದು. ಒಳಗೆ ಮುನ್ನೂರು ಹೇಗೆ ಬರುತ್ತೆ?" ಮಗಳು ನನ್ನ ಮುಖ ನೋಡಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಆ 1200 ಅನ್ನುವುದೂ ಒಂದು ಕೂಡಿಸಿದ ಲೆಕ್ಕವಂತೆ. 2.4 ಗಿಗಾಹರ್ಟ್ಸ್‌ನ 300, 5 ಗಿಗಾಹರ್ಟ್ಸ್‌ನ 867, ಸೇರಿ 1167. ಅದನ್ನು ಎಳೆದು 1200 ಮಾಡಿದ್ದಾರೆ. ಗಾಳಿಯಲ್ಲಿ ಎಷ್ಟಾದರೂ ಓಡಲಿ, ಗೋಡೆಯಿಂದ ಬರುವ ವೈರ್ ಸೇರುವ ತೂತು 100ರದ್ದಾದರೆ ಅಷ್ಟೇ. ಅದರಲ್ಲೂ ಚೂರು ಕಳೆದು 94.

ಅಂಗಡಿಯವನಿಗೆ ಫೋನ್ ಮಾಡಿದೆ. "ಮಾರಾಯ್ರೆ, ಡಬ್ಬದ ಮೇಲೆ 1200 ಇದೆಯಾ ಇಲ್ವಾ? ನಾನು ಸುಳ್ಳು ಹೇಳಿದ್ನಾ?" ಪೋರ್ಟ್ ವಿಷಯ ಯಾಕೆ ಹೇಳಲಿಲ್ಲ ಎಂದರೆ, "ನೀವು ಕೇಳಲಿಲ್ವಲ್ಲ." ಮತ್ತೆ ಹೋದೆ, ಮತ್ತೆ ಎರಡು ಗಾಡಿ. ಈ ಸಲ ಚಹಾ ಇಲ್ಲ. "ಡಬ್ಬ ಒಡೆದ ಮೇಲೆ ನಾನು ಯಾರಿಗೆ ಮಾರಲಿ? ಕೆಟ್ಟಿದ್ರೆ ಹೇಳಿ, ಕಂಪನಿಗೆ ಕಳಿಸುವ. ಕೆಟ್ಟಿಲ್ವಲ್ಲ!" ಆಮೇಲೆ ನಗುತ್ತಾ, "94 ಸಾಲಲ್ವಾ ನಿಮಗೆ? ಮನೇಲಿ ಏನು ಥಿಯೇಟರ್ ಇಟ್ಟಿದ್ದೀರಾ?" ಈ ಮಾತು ಇವತ್ತಿಗೂ ಕಿವಿಯಲ್ಲಿದೆ. ಗಿಗಾಬಿಟ್ ಪೋರ್ಟಿನದು, ಅಂದರೆ 1000ರ ತೂತಿನದು, 3,800ಕ್ಕೆ ಇದೆಯಂತೆ, ನನ್ನದಕ್ಕೆ 800 ಕಳೆಯುತ್ತಾನಂತೆ. ಹತ್ತು ದಿನದ ರೌಟರಿಗೆ 800!

ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡೋಣ ಎಂದುಕೊಂಡೆ. ಕೈಯಲ್ಲಿರುವುದು ಏನು? ಅಂಗಡಿಯ ಹೆಸರೂ ಇಲ್ಲದ ಒಂದು ಚೀಟಿ.

100ಕ್ಕಿಂತ ದೊಡ್ಡ ಪ್ಲಾನ್ ಇದ್ದರೆ ಕೊಂಬು ಎಣಿಸಬೇಡಿ. ಡಬ್ಬ ತಿರುಗಿಸಿ ಪೋರ್ಟ್ ಹತ್ತಿರ ಗಿಗಾಬಿಟ್ ಅಥವಾ 10/100/1000 ಅಂತ ಇದೆಯಾ ನೋಡಿ. ವ್ಯಾನ್, ಲ್ಯಾನ್ (ಮನೆಯೊಳಗಿನ ವೈರ್ ಸೇರುವ ತೂತು) ಎರಡನ್ನೂ ನೋಡಿ. 18 ಪರ್ಸೆಂಟ್ ಹೋದರೆ ಹೋಗಲಿ, ಜಿಎಸ್‌ಟಿ ಬಿಲ್ ತಗೊಳ್ಳಿ. ಯಾರಾದರೂ ಊರು ಕೇಳಿದರೆ ಡೊಂಬಿವಲಿ ಅನ್ನಿ.

ಅವನ ನಂಬರ್ ಇನ್ನೂ ಫೋನಿನಲ್ಲಿದೆ. ನಿನ್ನೆ ಅವನ ವಾಟ್ಸಾಪ್ ಸ್ಟೇಟಸ್ ನೋಡಿದೆ. ಅದೇ ಡಬ್ಬ, ಅದೇ ನಾಲ್ಕು ಕೊಂಬು. ಕೆಳಗೆ ಬರೆದಿದ್ದಾನೆ: 1200 ಸ್ಪೀಡ್, ನಮ್ಮವರಿಗೆ ಮಾತ್ರ 2,200.