ನೂರು ಪಿಕ್ಸೆಲ್‌ಗಳ ಅಭಿಮಾನಕ್ಕೆ ಬಣ್ಣ: ಜಿಂಪ್ 3.0

ಮೆಚ್ಚಿನ ನಟರ ಚಿತ್ರಗಳನ್ನು 100×100 ಪಿಕ್ಸೆಲ್‌ಗಳ ಐಕಾನ್‌ಗಳಾಗಿಸಿ ಬಣ್ಣ ಕೂಡಿಸುವ ಹವ್ಯಾಸಕ್ಕೆ ಉಚಿತ ಚಿತ್ರ-ಸಂಪಾದನೆ ತಂತ್ರಾಂಶವೊಂದು ಸಾಕಾದೀತೇ ಎಂಬ ನನ್ನ ಅನುಮಾನವನ್ನು 2025ರ ಮಾರ್ಚ್‌ನಲ್ಲಿ ಬಿಡುಗಡೆಯಾದ ಜಿಂಪ್ 3.0 ಬಹುಮಟ್ಟಿಗೆ ನಿವಾರಿಸಿದೆ. ಬಣ್ಣ-ಬೆಳಕನ್ನು ತಿದ್ದುವ ಕರ್ವ್ಸ್‌ನಂತಹ ಹೊಂದಾಣಿಕೆಗಳು ಈಗ ಚಿತ್ರದಲ್ಲಿ ಬೆರೆತುಹೋಗದೆ ಲೇಯರ್‌ಗೆ (ಚಿತ್ರದ ಪದರಕ್ಕೆ) ಅಂಟಿಕೊಂಡೇ ಉಳಿಯುವುದರಿಂದ, ನಿನ್ನೆ ಹೆಚ್ಚಾಗಿದ್ದ ಕೆಂಪನ್ನು ಇಂದು ತೆರೆದು ತಗ್ಗಿಸಬಹುದು. ಕಡತವನ್ನು ಜಿಂಪ್‌ನದೇ ಆದ ಎಕ್ಸ್‌ಸಿಎಫ್ ರೂಪದಲ್ಲಿ ಉಳಿಸಿಕೊಂಡಿರಬೇಕು, ಅಷ್ಟೇ.

ಪರೀಕ್ಷೆಗೆ ಡಾ. ರಾಜ್‌ಕುಮಾರ್ ಅವರ ಕಪ್ಪು-ಬಿಳುಪು ಭಾವಚಿತ್ರವೊಂದನ್ನು ಆರಿಸಿಕೊಂಡೆ. ಮೇಲೊಂದು ಖಾಲಿ ಲೇಯರ್ ಹಾಕಿ, ಅದನ್ನು ಕೆಳಗಿನ ಚಿತ್ರದೊಂದಿಗೆ ಮೃದುವಾಗಿ ಬೆರೆಸುವ ಸಾಫ್ಟ್ ಲೈಟ್ ವಿಧಾನಕ್ಕೆ ಬದಲಿಸಿ, ಕೆನ್ನೆಗೆ ತೆಳುವಾದ ಗೋಧಿ ಬಣ್ಣ ಬಳಿದಾಗ ಮುಖದ ನೆರಳುಗಳು ಕದಡದೆ ಮೈಬಣ್ಣ ಮೂಡಿತು. ಆದರೆ ಮೊದಲ ಯತ್ನದಲ್ಲಿ ಚಿತ್ರವನ್ನು ಕುಗ್ಗಿಸಿದ ಮೇಲೆ ಬಣ್ಣ ಹಚ್ಚಲು ಹೋದದ್ದು ನನ್ನದೇ ತಪ್ಪು: ಆ ಅಳತೆಯಲ್ಲಿ ಕಣ್ಣೆಂದರೆ ಐದಾರು ಪಿಕ್ಸೆಲ್, ಒಂದು ಹೊರಚಾಚಿದರೂ ಅಣ್ಣಾವ್ರು ಕಾಡಿಗೆ ಹಚ್ಚಿಕೊಂಡಂತೆ ಕಾಣುತ್ತಾರೆ. ದೊಡ್ಡ ಅಳತೆಯಲ್ಲೇ ಬಣ್ಣ ಮುಗಿಸಿ, ಕೊನೆಗೆ ಕುಗ್ಗಿಸಿ, ಅಂಚುಗಳನ್ನು ಚುರುಕಾಗಿಸುವ ಅನ್‌ಶಾರ್ಪ್ ಮಾಸ್ಕ್ ಅನ್ನು ಹಗುರವಾಗಿ ತಾಕಿಸುವುದು ಸರಿಯಾದ ಕ್ರಮ.

ಒಂದೊಂದು ಬಣ್ಣವನ್ನೂ ಪ್ರತ್ಯೇಕವಾಗಿ ತಿದ್ದುವ ಫೋಟೋಶಾಪ್‌ನ ಸೆಲೆಕ್ಟಿವ್ ಕಲರ್‌ಗೆ ಒಗ್ಗಿದವರು ಇಲ್ಲಿ ಹ್ಯೂ-ಸ್ಯಾಚುರೇಶನ್ (ವರ್ಣ ಮತ್ತು ಅದರ ಗಾಢತೆ) ಕಿಟಕಿಯ ಆರು ಬಣ್ಣಗಳಲ್ಲೇ ಕೆಲಸ ಸಾಗಿಸಬೇಕಾಗುತ್ತದೆ. ಸೂಕ್ಷ್ಮತೆ ತುಸು ಕಡಿಮೆಯೆನಿಸಿದರೂ ಇಷ್ಟು ಚಿಕ್ಕ ಚೌಕಕ್ಕೆ ಅದು ಧಾರಾಳವಾಯಿತು.