ಮನೆಯಲ್ಲಿ ಕ್ಯಾಂಡಿ ಸೇಬು: ಪೆಟ್ಟಿಗೆಯಲ್ಲಿ ಹಣ ಕೊಡಬೇಕಾದ ವಸ್ತು ಒಂದೇ

ಕೆಂಪಗೆ ಹೊಳೆಯುವ ಸಕ್ಕರೆಯ ಪೊರೆ ಹೊದ್ದ ಕ್ಯಾಂಡಿ ಸೇಬನ್ನು ಮನೆಯಲ್ಲಿಯೇ ಮಾಡಿಕೊಳ್ಳಲು ಬೇಕಾದ ಸಾಮಗ್ರಿಯನ್ನೆಲ್ಲ ಒಂದೇ ಪೆಟ್ಟಿಗೆಯಲ್ಲಿ ಕೊಡುವ ಕಿಟ್‌ಗಳು ಈಗ ಆನ್‌ಲೈನ್ ಮಳಿಗೆಗಳಲ್ಲಿ ಹಲವು ಸಿಗುತ್ತವೆ. ಅವುಗಳಲ್ಲಿ ರೂ. 849 ಬೆಲೆಯ ಒಂದನ್ನು ಧಾರವಾಡದ ನಮ್ಮ ಮನೆಯಲ್ಲಿ ಮಳೆಗಾಲದಲ್ಲಿಯೂ ಚಳಿಗಾಲದಲ್ಲಿಯೂ ಬಳಸಿ ನೋಡಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಬೇರೆ ಬೇರೆ ತಯಾರಕರ ಪೆಟ್ಟಿಗೆಗಳಲ್ಲಿಯೂ ಹೆಚ್ಚು ಕಡಿಮೆ ಇವೇ ಸಾಮಾನುಗಳು ಇರುವುದರಿಂದ ಇಲ್ಲಿ ಹೆಸರಿನ ಅಗತ್ಯವಿಲ್ಲ. ಪಾತ್ರೆಯ ಅಂಚಿಗೆ ಸಿಕ್ಕಿಸುವ ಮುಳ್ಳಿನ ಥರ್ಮಾಮೀಟರ್, ಒಂದು ಬಾಟಲಿ ಲಿಕ್ವಿಡ್ ಗ್ಲೂಕೋಸ್, ಕೆಂಪು ಬಣ್ಣದ ಪುಡಿ, ಬಿದಿರಿನ ಕಡ್ಡಿಗಳು, ಸಿಲಿಕೋನ್ ಹಾಸು ಮತ್ತು ಇಂಗ್ಲಿಷ್-ಹಿಂದಿಯಲ್ಲಿ ಅಚ್ಚಾದ ಸೂಚನಾ ಪುಸ್ತಿಕೆ, ಇಷ್ಟು ಅದರಲ್ಲಿದ್ದವು. ಸಕ್ಕರೆಯನ್ನೂ ಸೇಬನ್ನೂ ನಾವೇ ತರಬೇಕು.

ಕೊಟ್ಟ ಹಣಕ್ಕೆ ನ್ಯಾಯ ಸಲ್ಲಿಸುವ ವಸ್ತು ಇದರಲ್ಲಿ ಥರ್ಮಾಮೀಟರ್ ಒಂದೇ. ಕ್ಯಾಂಡಿ ಸೇಬಿಗೆ ಬೇಕಾದ ಪಾಕ ನಮ್ಮ ಅಡುಗೆಮನೆಯ ಒಂದೆಳೆ, ಎರಡೆಳೆ ಪಾಕಗಳನ್ನೂ ಉಂಡೆ ಪಾಕವನ್ನೂ ದಾಟಿ ಬಹಳ ಮುಂದೆ ಹೋಗಬೇಕಾಗುತ್ತದೆ. ಪಾಕದ ಉಷ್ಣತೆ 146ರಿಂದ 154 ಡಿಗ್ರಿ ಸೆಲ್ಸಿಯಸ್‌ನ ನಡುವೆ ಬಂದಾಗ ಅದರಲ್ಲಿ ನೀರಿನ ಅಂಶ ಶೇಕಡಾ ಒಂದರಷ್ಟು ಮಾತ್ರ ಉಳಿದಿರುತ್ತದೆ. ಆಗಲೇ ಅದು ಆರಿದ ಮೇಲೆ ಗಾಜಿನಂತೆ ಗಟ್ಟಿಯಾಗಿ, ಕಚ್ಚಿದರೆ ಸಿಡಿದು ಒಡೆಯುತ್ತದೆ. ಅದಕ್ಕಿಂತ ಮೊದಲೇ ಇಳಿಸಿದರೆ ಪೊರೆ ಹಲ್ಲಿಗೆ ಅಂಟುತ್ತದೆ, 160 ದಾಟಿಸಿದರೆ ಕಂದುಗಟ್ಟಿ ಕಹಿಯ ಛಾಯೆ ಹತ್ತುತ್ತದೆ. ತಣ್ಣೀರಿನಲ್ಲಿ ಒಂದು ಹನಿ ಬಿಟ್ಟು, ಗಟ್ಟಿಯಾದ ಎಳೆಯನ್ನು ಮುರಿದು, ಅದು ಬಾಗದೆ ಪಟ್ಟನೆ ಮುರಿದರೆ ಸರಿ ಎಂದು ತೀರ್ಮಾನಿಸುವ ಹಿರಿಯರ ಪರೀಕ್ಷೆ ಇಲ್ಲಿಯೂ ನಡೆಯುತ್ತದೆ, ನಿಜ. ಆದರೆ ಮೊದಮೊದಲು ನಿಧಾನವಾಗಿ ಏರುವ ಪಾಕ 130 ಡಿಗ್ರಿಯ ನಂತರ ಬೇಗ ಬೇಗ ಏರತೊಡಗುವುದರಿಂದ ಹೊಸಬರು ಹನಿಯನ್ನು ಪರೀಕ್ಷಿಸುವಷ್ಟರಲ್ಲಿಯೇ ಹದ ಮೀರಿರುತ್ತದೆ. ಮುಳ್ಳು ಕಣ್ಣೆದುರಿಗಿದ್ದರೆ ಈ ಆತಂಕವಿಲ್ಲ.

ಆದರೂ ಈ ಥರ್ಮಾಮೀಟರನ್ನು ಬಳಸುವ ಮುನ್ನ ಪರೀಕ್ಷಿಸಬೇಕು. ಪುಸ್ತಿಕೆ ಆ ಬಗ್ಗೆ ಹೇಳುವುದು ಅರ್ಧ ಮಾತ್ರ. ಕುದಿಯುವ ನೀರಿನಲ್ಲಿ ಇಟ್ಟಾಗ 100 ಡಿಗ್ರಿ ತೋರಿಸಬೇಕು, ಇಲ್ಲದಿದ್ದರೆ ಉಪಕರಣ ಕೆಟ್ಟಿದೆ ಎಂದು ಅದರಲ್ಲಿದೆ. ಸಮುದ್ರ ಮಟ್ಟಕ್ಕೆ ಸರಿಯಾದ ಈ ಮಾತು ಸುಮಾರು 700 ಮೀಟರ್ ಎತ್ತರದಲ್ಲಿರುವ ಹುಬ್ಬಳ್ಳಿ-ಧಾರವಾಡಕ್ಕೆ ಹೊಂದುವುದಿಲ್ಲ. ಸರಿಸುಮಾರು ಪ್ರತಿ 300 ಮೀಟರಿಗೆ ಕುದಿಬಿಂದು ಒಂದು ಡಿಗ್ರಿ ಇಳಿಯುವುದರಿಂದ ಇಲ್ಲಿ ನೀರು 98 ಡಿಗ್ರಿಗೆ ಸ್ವಲ್ಪ ಕೆಳಗೇ ಕುದಿಯುತ್ತದೆ. ಹಾಗಾಗಿ 98ರ ಹತ್ತಿರ ನಿಂತ ಮುಳ್ಳು ಸರಿಯಾಗಿಯೇ ಇದೆ ಎಂದು ತಿಳಿದು, ಪುಸ್ತಿಕೆ ಹೇಳುವ 150 ಡಿಗ್ರಿಯ ಬದಲು 148ರಲ್ಲಿ ಒಲೆಯಿಂದ ಇಳಿಸುವುದು ನಮ್ಮ ಊರಿಗೆ ತಕ್ಕ ಲೆಕ್ಕ. ಥರ್ಮಾಮೀಟರಿನ ಕಡ್ಡಿಯ ತುದಿ ಪಾಕದಲ್ಲಿ ಪೂರ್ತಿ ಮುಳುಗಿರಬೇಕು, ತಳಕ್ಕೆ ತಾಗಬಾರದು. ಅಗಲ ಬಾಯಿಯ ಕಡಾಯಿಯಲ್ಲಿ 400 ಗ್ರಾಂ ಸಕ್ಕರೆಯ ಪಾಕಕ್ಕೆ ಅಷ್ಟು ಆಳ ಸಿಗುವುದೇ ಇಲ್ಲವಾದ್ದರಿಂದ ದಪ್ಪ ತಳದ, ಕಿರಿದಾದ, ಎತ್ತರದ ಬೋಗುಣಿಯನ್ನೇ ಆರಿಸಿಕೊಳ್ಳಬೇಕು. ಕ್ಲಿಪ್ ಸಡಿಲವಾಗಿದ್ದು, ನಮ್ಮ ಸ್ಟೀಲ್ ಬೋಗುಣಿಯ ಮಡಿಸಿದ ಅಂಚಿನ ಮೇಲೆ ಜಾರುತ್ತದೆ. ಈ ಬೆಲೆಗೆ ಇನ್ನಷ್ಟು ಬಿಗಿಯಾದದ್ದನ್ನು ಕೊಡಬಹುದಿತ್ತು.

ಲಿಕ್ವಿಡ್ ಗ್ಲೂಕೋಸ್ ಅಗತ್ಯವಾದ ವಸ್ತುವೇ, ಆದರೆ ಅದಕ್ಕಾಗಿ ಪೆಟ್ಟಿಗೆ ಕೊಳ್ಳಬೇಕಿಲ್ಲ. ಹುಬ್ಬಳ್ಳಿಯಲ್ಲಿ ಬೇಕರಿ ಸಾಮಾನು ಮಾರುವ ಅಂಗಡಿಗಳಲ್ಲಿ ಅದು ಬಿಡಿಯಾಗಿ ಸಿಗುತ್ತದೆ. ಎರಡು ಕಪ್ ಸಕ್ಕರೆ, ಅರ್ಧ ಕಪ್ ಗ್ಲೂಕೋಸ್, ಮುಕ್ಕಾಲು ಕಪ್ ನೀರು ಎಂಬ ಪುಸ್ತಿಕೆಯ ಅಳತೆ ಸರಿಯಾಗಿದೆ, ಆರರಿಂದ ಎಂಟು ಸಣ್ಣ ಸೇಬುಗಳಿಗೆ ಸಾಕಾಗುತ್ತದೆ. ಗ್ಲೂಕೋಸ್ ಏಕೆ ಬೇಕು ಎಂಬುದನ್ನು ಗೌರಿ ಹುಣ್ಣಿಮೆಗೆ ಸಕ್ಕರೆ ಗೊಂಬೆ ಎರೆಯುವುದನ್ನು ನೋಡಿದವರಿಗೆ ವಿವರಿಸುವುದು ಸುಲಭ. ಆರತಿಯ ಗೊಂಬೆಗಳಿಗೆ ಪಾಕ ಹರಳುಗಟ್ಟಲೇಬೇಕು. ಅದಕ್ಕಾಗಿಯೇ ಪಾಕವನ್ನು ತಿಕ್ಕಿ ಬೆಳ್ಳಗಾಗಿಸಿ, ನೀರಿನಲ್ಲಿ ನೆನೆಸಿದ ಕಟ್ಟಿಗೆಯ ಅಚ್ಚಿನಲ್ಲಿ ಹೊಯ್ಯುತ್ತಾರೆ. ಕ್ಯಾಂಡಿ ಸೇಬಿಗೆ ಅದೇ ಸಕ್ಕರೆ ಹರಳುಗಟ್ಟಲೇಬಾರದು. ಒಂದು ಹರಳು ಹುಟ್ಟಿದರೂ ಪೊರೆ ಮಬ್ಬಾಗಿ ಪುಡಿಯಾಗುತ್ತದೆ. ಸಕ್ಕರೆಯ ಕಣಗಳು ಒಂದಕ್ಕೊಂದು ಸೇರಿ ಸಾಲುಗಟ್ಟದಂತೆ ಗ್ಲೂಕೋಸ್ ನಡುವೆ ನಿಂತು ತಡೆಯುತ್ತದೆ. ಸಕ್ಕರೆ ಪೂರ್ತಿ ಕರಗಿದ ಮೇಲೆ ಸೌಟು ಆಡಿಸದಿರುವುದು, ಪಾತ್ರೆಯ ಒಳಬದಿಗೆ ಹತ್ತಿದ ಹರಳುಗಳನ್ನು ಒದ್ದೆ ಕುಂಚದಿಂದ ಕೆಳಗಿಳಿಸುವುದು ಕೂಡ ಇದೇ ಕಾರಣಕ್ಕೆ. ಗ್ಲೂಕೋಸ್ ಸಿಗದಿದ್ದರೆ ಕೆಲವು ಹನಿ ನಿಂಬೆರಸವೂ ಸಕ್ಕರೆಯ ಒಂದಂಶವನ್ನು ಒಡೆದು ಅದೇ ಕೆಲಸವನ್ನು ಮಾಡುತ್ತದೆ, ಆದರೆ ಹನಿ ಹೆಚ್ಚಾದರೆ ಪೊರೆ ಬೇಗ ಜಿನುಗುತ್ತದೆ.

ಬಣ್ಣದ ವಿಷಯದಲ್ಲಿ ಈ ತಯಾರಕರು ಪ್ರಾಮಾಣಿಕರು. ಪೊಟ್ಟಣದ ಮೇಲೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆಯೂ, ನಮ್ಮ ದೇಶದಲ್ಲಿ ಅನುಮತಿ ಇರುವ ಕಾರ್ಮೋಯಿಸಿನ್ ಎಂಬ ಬಣ್ಣದ ಹೆಸರೂ ಸ್ಪಷ್ಟವಾಗಿವೆ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಬಾಂಬೆ ಮಿಠಾಯಿ ಮತ್ತು ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣಗಳ ಬಳಕೆಯನ್ನು ನಿಷೇಧಿಸಿದ ಮೇಲೆ, ಸಂತೆಯಲ್ಲಿ ಹೆಸರಿಲ್ಲದ ಪುಡಿಯನ್ನು ಕೊಂಡು ಮಕ್ಕಳ ತಿಂಡಿಗೆ ಹಾಕುವವರು ಇನ್ನೊಮ್ಮೆ ಯೋಚಿಸಬೇಕು. ಪುಸ್ತಿಕೆ ಒಂದು ಚಮಚ ಹಾಕಲು ಹೇಳುತ್ತದೆ. ಚಿಟಿಕೆಯಷ್ಟೇ ಸಾಕು, ಅದಕ್ಕಿಂತ ಹೆಚ್ಚಾದರೆ ನಾಲಿಗೆಯೂ ಕೆಂಪು, ಕೈಯೂ ಕೆಂಪು.

ಬಿದಿರಿನ ಕಡ್ಡಿಗಳು ತೆಳುವಾಗಿವೆ, ಸೇಬಿನ ಭಾರಕ್ಕೆ ಬಾಗುತ್ತವೆ. ಸಿಲಿಕೋನ್ ಹಾಸು ಚೆನ್ನಾಗಿದೆ, ತುಪ್ಪ ಸವರಿದ ತಟ್ಟೆಯೂ ಅಷ್ಟೇ ಚೆನ್ನಾಗಿದೆ.

ಪುಸ್ತಿಕೆಯ ದೊಡ್ಡ ಕೊರತೆ ಸೇಬಿನ ಬಗ್ಗೆ ಅದು ತಾಳಿರುವ ಮೌನ. ಹೊರದೇಶದಿಂದ ಬರುವ ಹೊಳಪಿನ ಸೇಬುಗಳಿಗೆ ಸಾಮಾನ್ಯವಾಗಿ ಮೇಣ ಹಚ್ಚಿರುತ್ತಾರೆ, ಆ ಮೇಣದ ಮೇಲೆ ಪಾಕ ನಿಲ್ಲದೆ ಜಾರುತ್ತದೆ ಅಥವಾ ಗುಳ್ಳೆಗಟ್ಟುತ್ತದೆ. ಸ್ವಲ್ಪ ವಿನೆಗರ್ ಬೆರೆಸಿದ ಕುದಿನೀರಿನಲ್ಲಿ ಕೆಲವೇ ಕ್ಷಣ ಅದ್ದಿ, ಒರಟು ಬಟ್ಟೆಯಿಂದ ತಿಕ್ಕಿ, ತೇವವೆಲ್ಲ ಆರಿದ ಮೇಲೆ ಪಾಕಕ್ಕೆ ಇಳಿಸಬೇಕು. ಫ್ರಿಜ್‌ನಿಂದ ಆಗ ತಾನೇ ತೆಗೆದ ಹಣ್ಣಿನ ಮೇಲೆ ಬೆವರು ಕಟ್ಟುವುದರಿಂದ ಅದೂ ಕೂಡದು. ಹಿಮಾಚಲ ಮತ್ತು ಕಾಶ್ಮೀರದ ಹೊಸ ಬೆಳೆ ಮಾರುಕಟ್ಟೆಗೆ ಬರುವ ದಿನಗಳಲ್ಲಿ ಸಿಗುವ ಸಣ್ಣ, ಗಟ್ಟಿ ಹಣ್ಣುಗಳೇ ನನ್ನ ಆಯ್ಕೆ. ಹಿಟ್ಟಾದ ಹಳೆಯ ಸೇಬಿನ ಮೇಲೆ ಎಂಥ ಪೊರೆ ಎರೆದರೂ ವ್ಯರ್ಥ. ಇಷ್ಟೊಂದು ಸಿಹಿಯ ಜೊತೆಗೆ ಹಣ್ಣು ಹುಳಿಯಾಗಿದ್ದಷ್ಟೂ ರುಚಿ, ಆದ್ದರಿಂದ ಹಸಿರು ಗ್ರ್ಯಾನಿ ಸ್ಮಿತ್ ಅತ್ಯುತ್ತಮ, ಆದರೆ ಅದರ ಬೆಲೆ ಕೇಳಿದವರು ಕೆಂಪು ಸೇಬಿಗೇ ಮರಳುತ್ತಾರೆ.

ಪೆಟ್ಟಿಗೆಯ ಮುಖಪುಟದಲ್ಲಿ ಒಬ್ಬ ಪುಟ್ಟ ಹುಡುಗಿ ತಾನೇ ಸೇಬನ್ನು ಪಾಕದಲ್ಲಿ ಅದ್ದುತ್ತಿರುವ ಚಿತ್ರವಿದೆ. ಇದನ್ನು ನಾನು ಬೇಜವಾಬ್ದಾರಿತನವೆಂದೇ ಕರೆಯುತ್ತೇನೆ. 150 ಡಿಗ್ರಿಯ ಸಕ್ಕರೆ ಚರ್ಮಕ್ಕೆ ಅಂಟಿಕೊಂಡೇ ಸುಡುತ್ತದೆ, ಕುದಿನೀರಿನಂತೆ ಹರಿದು ಹೋಗುವುದಿಲ್ಲ. ಅದ್ದುವ ಕೆಲಸ ದೊಡ್ಡವರದು. ಕಡ್ಡಿ ಚುಚ್ಚುವುದನ್ನೂ ಹಾಸು ಹಾಸುವುದನ್ನೂ ಮಕ್ಕಳಿಗೆ ಬಿಡಬಹುದು.

ಗಾಳಿಯ ತೇವವನ್ನು ಸಕ್ಕರೆಯ ಪೊರೆ ಹೀರಿಕೊಳ್ಳುವುದರಿಂದ ಧಾರವಾಡದ ಜಿಟಿಜಿಟಿ ಮಳೆಯ ದಿನಗಳಲ್ಲಿ ಎಂಥ ಕಿಟ್ ತಂದರೂ ಫಲವಿಲ್ಲ. ಜುಲೈನಲ್ಲಿ ಮಾಡಿದ ಸೇಬು ಸಂಜೆಯ ಹೊತ್ತಿಗೇ ಜಿನುಗತೊಡಗಿತ್ತು, ಡಿಸೆಂಬರಿನ ಒಣಗಾಳಿಯಲ್ಲಿ ಮಾಡಿದ್ದು ರಾತ್ರಿಯವರೆಗೂ ಗರಿಗರಿಯಾಗಿತ್ತು. ಎರಡು ದಿನ ಇಡಬಹುದು ಎಂಬ ಪುಸ್ತಿಕೆಯ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಕಡ್ಡಿ ಚುಚ್ಚಿದಲ್ಲಿ ಹಣ್ಣಿನ ರಸ ಜಿನುಗಿ ಪೊರೆಯ ಅಡಿಯಲ್ಲಿ ನಿಲ್ಲುತ್ತದೆ. ಅಮೆರಿಕದಲ್ಲಿ 2014ರ ಕೊನೆಯಲ್ಲಿ ಪೊಟ್ಟಣ ಕಟ್ಟಿ ಮಾರಿದ ಕ್ಯಾರಮೆಲ್ ಸೇಬುಗಳಿಂದ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾದ ಸೋಂಕು ಹರಡಿ 35 ಜನ ಕಾಯಿಲೆ ಬಿದ್ದ ನಂತರ ನಡೆದ ಪರೀಕ್ಷೆಗಳಲ್ಲಿ, ಕಡ್ಡಿ ಚುಚ್ಚಿದ ಸೇಬನ್ನು ಹೊರಗಿಟ್ಟರೆ ಬ್ಯಾಕ್ಟೀರಿಯಾ ವೇಗವಾಗಿ ಬೆಳೆಯುತ್ತದೆ ಎಂದು ಕಂಡುಬಂದಿತ್ತು. ಫ್ರಿಜ್‌ನಲ್ಲಿ ಇಟ್ಟರೆ ಪೊರೆ ತೇವಗೊಂಡು ಹಾಳಾಗುತ್ತದೆ. ಮಾಡಿದ ದಿನವೇ ತಿಂದು ಮುಗಿಸುವುದು ಸರಿ. ಬೋಗುಣಿಯಲ್ಲಿ ಉಳಿದ ಪಾಕವನ್ನು ತುಪ್ಪ ಸವರಿದ ತಟ್ಟೆಯಲ್ಲಿ ಹುರಿದ ಶೇಂಗಾದ ಮೇಲೆ ಸುರಿದರೆ ಅದು ಬೇರೆಯೇ ತಿಂಡಿಯಾಗುತ್ತದೆ.

ಇದೇ ತಯಾರಕರು ಥರ್ಮಾಮೀಟರ್ ಇಲ್ಲದ ಮರುಪೂರಣ ಪೊಟ್ಟಣವನ್ನು ರೂ. 399ಕ್ಕೆ ಮಾರುತ್ತಾರೆ, ಅದನ್ನು ಕೊಳ್ಳುವ ಅಗತ್ಯ ನನಗೆ ಕಾಣಲಿಲ್ಲ. ಥರ್ಮಾಮೀಟರ್ ಮಾತ್ರ ಬಿಡಿಯಾಗಿ ಸಿಗುವುದಾದರೆ ಅದನ್ನಷ್ಟೇ ಕೊಂಡು, ಗ್ಲೂಕೋಸನ್ನೂ ದಪ್ಪನೆಯ ಐಸ್‌ಕ್ಯಾಂಡಿ ಕಡ್ಡಿಗಳನ್ನೂ ಪೇಟೆಯಿಂದ ತರುವುದು ಅಗ್ಗ.