ಸಾಲಮಾಂಕಾದಲ್ಲಿ 12 ವಾರ ಸ್ಪ್ಯಾನಿಷ್: ವರ್ಷ ಕಳೆದ ಮೇಲೆ ಬರೆದ ವಿಮರ್ಶೆ

ಬಂದ ಹೊಸತರಲ್ಲೇ ಬರೆದಿದ್ದರೆ ಐದಕ್ಕೆ ಐದು ಸ್ಟಾರ್ ಕೊಟ್ಟುಬಿಡುತ್ತಿದ್ದೆ. ಈಗ ಶಾಲೆಗೆ ಮೂರು, ನಾನು ಉಳಿದುಕೊಂಡಿದ್ದ ಮನೆಗೆ ಐದು.

ಸ್ಪೇನಿನ ಸಾಲಮಾಂಕಾ ಓದುವವರ ಊರು. ಅಲ್ಲಿನ ವಿಶ್ವವಿದ್ಯಾಲಯ ಶುರುವಾದದ್ದು 1218ರಲ್ಲಿ. 1492ರಲ್ಲಿ ಸ್ಪ್ಯಾನಿಷ್ ವ್ಯಾಕರಣ ಬರೆದ ನೆಬ್ರಿಹಾ ಪಾಠ ಹೇಳಿದ್ದೂ ಅಲ್ಲೇ. ನಾನು ಸೇರಿದ್ದು ಮಾತ್ರ ಒಂದು ಖಾಸಗಿ ಭಾಷಾ ಶಾಲೆಗೆ. ಜನವರಿಯಿಂದ ಮಾರ್ಚ್‌ವರೆಗೆ, ವಾರಕ್ಕೆ 20 ಗಂಟೆ ಪಾಠ. 12 ವಾರ ಅಂದರೆ 84 ದಿನ, ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಷೆಂಗೆನ್ ವೀಸಾದ 90 ದಿನದೊಳಗೆ ಮುಗಿಯುತ್ತದೆ. ಅದಕ್ಕೇ ಅಷ್ಟು.

ತರಗತಿಗೆ ಎಂಟೇ ಜನ ಅಂತ ಹೇಳಿದ್ದರು. ಹೋಗಿ ನೋಡಿದರೆ ಹದಿಮೂರು! ಫೆಬ್ರವರಿಯಲ್ಲಿ ಮೂರು ಸಲ ಟೀಚರ್ ಬದಲಾದರು, ಬಂದವರೆಲ್ಲ ಭೂತಕಾಲವನ್ನು ಮೊದಲಿಂದ ಶುರು ಮಾಡಿದರು. ಬಿಡುವು ಕೊಟ್ಟರೆ ಸಾಕು, ಎಲ್ಲರೂ ಇಂಗ್ಲಿಷ್. ಅಷ್ಟು ದೂರ ಹೋಗಿ ನನ್ನ ಇಂಗ್ಲಿಷ್ ಸುಧಾರಿಸಿತು ಅಂದರೆ ಅಪ್ಪನಿಗೆ ಹೇಗೆ ಹೇಳಲಿ?

ಆದರೆ ಆ ಭೂತಕಾಲದಲ್ಲೇ ನನಗೊಂದು ವಿಷಯ ಹೊಳೆಯಿತು. ಸ್ಪ್ಯಾನಿಷ್‌ನಲ್ಲಿ 'ಫುಯಿ' ಬೇರೆ, 'ಇಬಾ' ಬೇರೆ. ಅಮೆರಿಕದ ಸಹಪಾಠಿಗಳು ತಲೆ ಕೆರೆದುಕೊಳ್ಳುತ್ತಿದ್ದರು. ನನಗೆ ಒಂದು 'ಹೋದೆ', ಇನ್ನೊಂದು 'ಹೋಗುತ್ತಿದ್ದೆ' ಅನ್ನಿಸಿತು, ಮುಗೀತು. 'ಮೆ ಗುಸ್ತಾ ಎಲ್ ಕಫೆ' ಅಂದರೆ ನಮ್ಮ 'ನನಗೆ ಕಾಫಿ ಇಷ್ಟ'. ಅದನ್ನು 'ಐ ಲೈಕ್' ಮೂಲಕ ಕಲಿಯಲು ಹೋಗಿ ಬೆಂಗಳೂರಿನಲ್ಲಿ ಎರಡು ವಾರ ಒದ್ದಾಡಿದ್ದೆ. ಅವರ 'ತ', 'ದ' ನಮ್ಮವೇ. ನಾವು 'ಅಕ್ಷರಮಾಲೆಯಲ್ಲಿ ಸುಮ್ನೆ ಕೂತಿದೆ' ಅಂದುಕೊಂಡ 'ಞ' ಕೂಡ ಅಲ್ಲಿ ದಿನಾ ಬೇಕು: ಎಸ್ಪಞೋಲ್. ಕಷ್ಟಪಟ್ಟದ್ದು ಲಿಂಗದಲ್ಲಿ. ಮೇಜು ಹೆಣ್ಣಂತೆ, ಪುಸ್ತಕ ಗಂಡಂತೆ. ಇವತ್ತಿಗೂ ತಪ್ಪುತ್ತೇನೆ. ಇನ್ನು 'ಹೊಲಾ'ದಲ್ಲಿ 'ಹ' ಉಚ್ಚರಿಸುವುದಿಲ್ಲ, 'ಓಲಾ' ಅನ್ನಬೇಕು. ಮೊದಲ ವಾರವೆಲ್ಲ ಯಾರೋ ಕ್ಯಾಬ್ ಕರೆಯುತ್ತಿದ್ದಾರೆ ಅನ್ನಿಸುತ್ತಿತ್ತು.

ನಿಜವಾದ ಪಾಠ ನಡೆದದ್ದು ಊಟದ ಮೇಜಿನಲ್ಲಿ. ಮನೆಯೊಡತಿಗೆ ಎಪ್ಪತ್ತು ದಾಟಿತ್ತು, ಇಂಗ್ಲಿಷ್ ಒಂದಕ್ಷರ ಬಾರದು. ಮಧ್ಯಾಹ್ನದ ಊಟ ಎರಡೂವರೆಗೆ, ರಾತ್ರಿಯದು ಒಂಬತ್ತೂವರೆಗೆ. ನಾನು 'ಉಸ್ತೆದ್' ಅಂತ ಬಹುವಚನ ಹಚ್ಚಿದರೆ ಅವರಿಗೆ ಸಿಟ್ಟು, 'ತು' ಅನ್ನು ಎಂದರು. ಅಷ್ಟು ವಯಸ್ಸಾದವರಿಗೆ 'ನೀನು' ಅನ್ನೋದಾ? ಮನೆಯಲ್ಲಿ ಅಮ್ಮನಿಗೆ 'ನೀನು' ಅಂತೀನಲ್ವಾ, ಹಾಗೆ ಅಂದುಕೊಂಡ ಮೇಲೆ ಬಾಯಿಗೆ ಬಂತು. ಮಾಂಸ ತಿನ್ನುವುದಿಲ್ಲ ಅಂದಿದ್ದಕ್ಕೆ ಮೊದಲ ದಿನ ಚೊರಿಸೊ ಹಾಕಿದ ಬೇಳೆ ಬಡಿಸಿದರು. ಅದು ಹಂದಿಮಾಂಸದ ಸಾಸೇಜ್. 'ಇಷ್ಟೇ ಇಷ್ಟು, ರುಚಿಗೆ' ಎಂದರು! ಬೇಡ ಅಂತ ನೋವಾಗದ ಹಾಗೆ ಹೇಳಲು ಬೇಕಾದ ಸ್ಪ್ಯಾನಿಷ್ ಆ ರಾತ್ರಿ ಕಲಿತೆ. ಮಾರ್ಚ್ ಹೊತ್ತಿಗೆ ನನಗೆ ಅಂತ ಬೇರೆ ಪಾತ್ರೆಯಲ್ಲಿ ಮಾಡುತ್ತಿದ್ದರು, ಕೆಂಪು ಮೆಣಸಿನ ಪುಡಿ ಹಾಕಿ. ಹೆಚ್ಚೂಕಡಿಮೆ ನಮ್ಮ ಬೇಳೆ ಸಾರೇ. ಹೋಟೆಲುಗಳಲ್ಲಿ ಹುಷಾರು, 'ಮಿಶ್ರ ಸಲಾಡ್' ಅಂದರೂ ಮೇಲೆ ಟ್ಯೂನಾ ಮೀನು ಕೂತಿರುತ್ತದೆ.

ಚಳಿ ಜಾಸ್ತಿ. ಊರು ಸುಮಾರು 800 ಮೀಟರ್ ಎತ್ತರದಲ್ಲಿದೆ, ಜನವರಿಯಲ್ಲಿ ಬೆಳಗ್ಗೆ ಎಂಟೂವರೆಯಾದರೂ ಸೂರ್ಯ ಹುಟ್ಟಿರುವುದಿಲ್ಲ. ಸಾಧ್ಯವಾದರೆ ವಸಂತದಲ್ಲಿ ಹೋಗಿ. ಇಲ್ಲೇ ಎ2 (ಭಾಷಾ ಕಲಿಕೆಯ ಆರು ಮಟ್ಟಗಳಲ್ಲಿ ಎರಡನೆಯದು) ಮುಗಿಸಿಕೊಂಡು ಹೋಗಿ, ಸೊನ್ನೆಯಿಂದ ಶುರು ಮಾಡಲು ಅಲ್ಲಿ ದುಡ್ಡು ಸುರಿಯಬೇಡಿ. ಹಾಸ್ಟೆಲ್ ಅಗ್ಗ ಅಂತ ಮನೆವಾಸ ಬಿಡಬೇಡಿ. ವಾಪಸ್ ಬಂದು ಡೆಲೆ ಅನ್ನುವ ಸ್ಪ್ಯಾನಿಷ್ ಪ್ರಮಾಣಪತ್ರಕ್ಕೆ ಮುಂದಿನ ಮಟ್ಟವಾದ ಬಿ1 ಪರೀಕ್ಷೆ ಬರೆದೆ, ಪಾಸಾಯಿತು. ಮಾತನಾಡುವ ಭಾಗದಲ್ಲೇ ಹೆಚ್ಚು ಅಂಕ ಬಂದದ್ದು, ಅದು ಅಜ್ಜಿಯ ಲೆಕ್ಕಕ್ಕೆ.

ಶಾಲೆಯಿಂದ ಠೇವಣಿ 150 ಯೂರೋ ಇನ್ನೂ ಬರಬೇಕು. ಮೊದಲೆಲ್ಲ ಇಂಗ್ಲಿಷ್‌ನಲ್ಲಿ ಮೇಲ್ ಹಾಕುತ್ತಿದ್ದೆ, ಕಳೆದ ತಿಂಗಳು 'ಉಸ್ತೆದ್' ಹಚ್ಚಿ ಸ್ಪ್ಯಾನಿಷ್‌ನಲ್ಲೇ ಬರೆದೆ. ನಿಮ್ಮ ಸ್ಪ್ಯಾನಿಷ್ ತುಂಬಾ ಚೆನ್ನಾಗಿದೆ ಅಂತ ಉತ್ತರ ಬಂತು. ದುಡ್ಡು ಬಂದಿಲ್ಲ.